ಕರ್ಪೂರ ನುಂಗಿದ ಕಂಪ್ಯೂಟರು

ನನ್ನ ತಂಗಿ ಪ್ರಮೀಳಾ ಕೂತಲ್ಲಿ ಕೂರುವವಳಲ್ಲ. ಊಟಕ್ಕೆ ಕೂತರೂ ಅರ್ಧ ಮುದ್ದೆಗೆ ಎದ್ದು ಹಿತ್ತಿಲ ಬಾಗಿಲ ತನಕ ಹೋಗಿ ಬರುತ್ತಾಳೆ. ಏನು ನೋಡಿದೆಯೇ ಎಂದರೆ "ಏನಿಲ್ಲ ಕಣಕ್ಕ" ಎನ್ನುತ್ತಾಳೆ. ಸಿನಿಮಾಕ್ಕೆ ಕರೆದುಕೊಂಡು ಹೋದರೆ ಕಾಲು ಆಡಿಸಿ ಆಡಿಸಿ ಮುಂದಿನ ಸಾಲಿನವರಿಂದ ಬೈಸಿಕೊಳ್ಳುತ್ತಾಳೆ. ಇಂಥವಳು ರಾವಂದೂರಿಗೆ ಸೊಸೆಯಾಗಿ ಹೋಗಿ, ದಿನವಿಡೀ ಕೂತೇ ಮಾಡಬೇಕಾದ ಕೆಲಸವನ್ನು ಹುಡುಕಿಕೊಂಡಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ತಪ್ಪು ಅವಳದಲ್ಲ, ನನ್ನ ಅಂಗಡಿ ಇದ್ದ ಜಾಗದ್ದು. ಹುಣಸೂರು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಪಕ್ಕದ ಮಳಿಗೆಯಲ್ಲಿ ರುದ್ರಸ್ವಾಮಿಯ ಕಂಪ್ಯೂಟರ್ ಸೆಂಟರ್. ಮದುವೆಗೆ ಮುಂಚೆ ಪ್ರಮೀಳಾ ನನ್ನ ಜೊತೆಗಿದ್ದಾಗ ರವಿಕೆಗೆ ಕಾಜಾ ಮಾಡು ಎಂದು ಕೂರಿಸಿದರೆ ಕಣ್ಣು ತಪ್ಪಿಸಿ ಅಲ್ಲಿಗೆ ಓಡುತ್ತಿದ್ದಳು. ಹಾಗೆ ಓಡಿ ಓಡಿಯೇ ಟೈಪಿಂಗ್ ಕಲಿತಳು, ಮದುವೆ ಕಾರ್ಡಿಗೆ ಅಕ್ಷರ ಜೋಡಿಸುವುದನ್ನು ಕಲಿತಳು. ಗಂಡ ಶಿವಣ್ಣ ಟೆಂಪೊ ಓಡಿಸುತ್ತಾನೆ, ಹೆಂಡತಿ ಹೇಳಿದ್ದಕ್ಕೆ ಇಲ್ಲ ಎನ್ನದ ಮನುಷ್ಯ. ಮದುವೆಯಾದ ಎರಡನೇ ವರ್ಷ ಮೈಸೂರಿನಿಂದ ಒಂದು ಹಳೆಯ ಕಂಪ್ಯೂಟರನ್ನು ಅದೇ ಟೆಂಪೊದಲ್ಲಿ ಹುಲ್ಲಿನ ಮೇಲೆ ಮಲಗಿಸಿಕೊಂಡು ತಂದುಕೊಟ್ಟ.

ಅದನ್ನು ಇಡಲು ಸಿಕ್ಕಿದ್ದು ರಸ್ತೆ ಕಡೆಯ ಕೋಣೆ. ಆ ಕೋಣೆಯಲ್ಲೇ ಇದ್ದದ್ದು ಸಮಸ್ಯೆಯೆಲ್ಲ. ಮಾವ ನಂಜಯ್ಯನವರು ಹೊಗೆಸೊಪ್ಪು ಬೆಳೆಯುವವರು. ಬ್ಯಾರನ್ನಿನಲ್ಲಿ, ಅಂದರೆ ಸೌದೆಯ ಕಾವಿನಲ್ಲಿ ಸೊಪ್ಪು ಒಣಗಿಸುವ ಮನೆಯಲ್ಲಿ, ಬೇಯಿಸಿದ ಸೊಪ್ಪನ್ನು ವಿಂಗಡಿಸಿ, ಬೇಲು ಕಟ್ಟಿ, ಹರಾಜಿಗೆ ಹೋಗುವ ತನಕ ಪೇರಿಸುತ್ತಿದ್ದದ್ದು ಆ ಕೋಣೆಯಲ್ಲೇ. ಬೇಸಗೆಯಲ್ಲಿ ಖಾಲಿ ಇತ್ತು, ಸೊಸೆಗೆ ಬಿಟ್ಟುಕೊಟ್ಟರು. ಸೊಪ್ಪು ಮನೆಗೆ ಬರತೊಡಗಿದ ಮೇಲೆ ದಿನಕ್ಕೊಂದು ಸಲ ಬಾಗಿಲಲ್ಲಿ ನಿಂತು ಗೋಡೆಯಿಂದ ಗೋಡೆಗೆ ಕಣ್ಣಲ್ಲೇ ಅಳತೆ ಹಾಕತೊಡಗಿದರು.

"ನೋಡವ್ವ, ದೀಪಾವಳಿ ಗಂಟ ಸುಮ್ಕಿರ್ತೀನಿ. ಅಷ್ಟ್ರಲ್ಲಿ ಈ ಮಿಷನ್ನಿಂದ ಮನೆಗೆ ಒಂದು ಕೆಲ್ಸ ಆಗದೆ ಅಂತ ತೋರ್ಸು. ಇಲ್ಲಾಂದ್ರೆ ನಾನು ಸೊಪ್ಪು ತುಂಬೋದೆಯ" ಎಂದರು.

ಕೆಲಸ ಆಗಬೇಕಾದರೆ ಕಂಪ್ಯೂಟರಿಗೆ ಕನ್ನಡ ಬರಬೇಕು. ರಾವಂದೂರಿನಲ್ಲಿ ಇಂಗ್ಲಿಷ್ ಅರ್ಜಿ ಟೈಪ್ ಮಾಡಿಸಲು ಯಾರು ಬರುತ್ತಾರೆ? ಕನ್ನಡದ ಸಾಫ್ಟ್‌ವೇರ್ ಇರುವ ಸಿ.ಡಿ.ಯನ್ನು ದಸರಾ ಮುಗಿದ ಮೇಲೆ ಕೊಡುತ್ತೇನೆಂದು ರುದ್ರಸ್ವಾಮಿ ಹೇಳಿದ್ದ. ಅದನ್ನು ಕಾಯುತ್ತಾ ಪ್ರಮೀಳಾ ಕೋಣೆಗೂ ಅಡುಗೆಮನೆಗೂ ನಡೆದು ನಡೆದು ನೆಲ ಸವೆಸುತ್ತಿದ್ದಳು. ಅತ್ತೆ ಸೋಮಮ್ಮನವರು ಕಂಪ್ಯೂಟರ್ ಬಂದಾಗಿನಿಂದ ಆ ಕೋಣೆಗೆ ಕಾಲಿಟ್ಟವರಲ್ಲ. ಒಳ್ಳೆಯದೂ ಆಡಲಿಲ್ಲ, ಕೆಟ್ಟದ್ದೂ ಆಡಲಿಲ್ಲ. ಅವರಿಗೂ ಕಂಪ್ಯೂಟರ್ ಬೇಡ, ಬಾಯಿಬಿಟ್ಟು ಹೇಳುತ್ತಿಲ್ಲ ಅಷ್ಟೆ, ಎಂದು ನನ್ನ ತಂಗಿ ಲೆಕ್ಕ ಹಾಕಿದ್ದಳು.

ಹಾಗಾಗಿ ಆಯುಧ ಪೂಜೆಯ ಬೆಳಿಗ್ಗೆ ಅತ್ತೆ ಪೂಜೆಯ ತಟ್ಟೆ ಹಿಡಿದು ತಾವಾಗಿಯೇ ಕೋಣೆಗೆ ಬಂದಾಗ ಅವಳು ಕುರ್ಚಿಯನ್ನು ಸೆರಗಿನಲ್ಲಿ ಒರೆಸಿ ಮುಂದಕ್ಕೆ ಎಳೆದಳಂತೆ. ಅಷ್ಟು ಹೊತ್ತಿಗೆ ಕುಡುಗೋಲು, ನೇಗಿಲು, ಒರಳು, ಟೆಂಪೊ, ಎಲ್ಲಕ್ಕೂ ಪೂಜೆಯಾಗಿತ್ತು. ಬ್ಯಾರನ್ನಿನಲ್ಲಿ ಅವತ್ತು ಸೊಪ್ಪು ಇರಲಿಲ್ಲ. ತಣ್ಣಗಿದ್ದ ಅದರ ಒಲೆಯ ಬಾಯಿಗೂ ವಿಭೂತಿ ಬಳಿದು ಹೂ ಇಟ್ಟಿದ್ದರು. ಇನ್ನು ಉಳಿದದ್ದು ಕಂಪ್ಯೂಟರ್ ಒಂದೇ.

"ಇದ್ಕೆ ಯಾವ ಕಡೀಕವ್ವ ಮುಖ?" ಎಂದು ಸೋಮಮ್ಮ ಕೇಳಿದರು.

ಪ್ರಮೀಳಾ ಸಂಭ್ರಮದಲ್ಲಿ ಕಂಪ್ಯೂಟರ್ ಹಾಕಿ ತೋರಿಸಿದಳು. ಇದು ಕಣ್ಣು, ಇದು ಕೈ ಎಂದಳು. ಡಬ್ಬಿಯ ಗುಂಡಿ ಒತ್ತಿ ಸಿ.ಡಿ. ಇಡುವ ತಟ್ಟೆಯನ್ನು ಈಚೆಗೆ ಬರಿಸಿ, ಇದು ಬಾಯಿ, ಏನು ಕಲಿಸಿದರೂ ಇಲ್ಲಿಂದಲೇ ಕಲಿಸಬೇಕು ಎಂದಳು. ಅಷ್ಟು ಹೇಳಿ ತೆಂಗಿನಕಾಯಿ ಮರೆತದ್ದು ನೆನಪಾಗಿ ಒಳಕ್ಕೆ ಓಡಿದಳು. ನಿಂತಲ್ಲಿ ನಿಲ್ಲುವ ಹೆಣ್ಣಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಈಚೆಗೆ ಬಂದ ತಟ್ಟೆ ಅಲ್ಲೇ ಇತ್ತು. ದುಂಡಗೆ, ನಡುವೆ ತಗ್ಗು, ಆರತಿ ತಟ್ಟೆಯ ಹಾಗೆಯೇ. ಮಂಗಳಾರತಿಗೆ ಎಂದೇ ಅದು ತಟ್ಟೆ ಚಾಚಿದೆ ಎಂದು ಸೋಮಮ್ಮ ತಿಳಿದರು. ಅದರ ಮೇಲೆ ವೀಳ್ಯದೆಲೆ ಇಟ್ಟು, ಎಲೆಯ ಮೇಲೆ ಕರ್ಪೂರದ ಗಟ್ಟಿಯಿಟ್ಟು ಹಚ್ಚಿದರು. ಕೈಮುಗಿಯಲು ಬಗ್ಗುವಾಗ ಸೆರಗೋ ಮೊಣಕೈಯೋ ತಗುಲಿರಬೇಕು, ತಟ್ಟೆ ಗರ್ರೆಂದು ಉರಿಯುವ ಕರ್ಪೂರದ ಸಮೇತ ಒಳಕ್ಕೆ ಹೋಗಿ ಬಾಯಿ ಮುಚ್ಚಿಕೊಂಡಿತು.

ಪ್ರಮೀಳಾ ತೆಂಗಿನಕಾಯಿ ಹಿಡಿದು ಬರುವ ಹೊತ್ತಿಗೆ ಸೀಳಿನಿಂದ ಹೊಗೆ ಬರುತ್ತಿತ್ತು. ಅತ್ತೆ ಬಾಗಿಲಿಗೆ ಬಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು.

"ಒಪ್ಪುಸ್ಕೊಂತು! ಪೂಜೆ ಒಪ್ಪುಸ್ಕೊಂತು ಕಣ್ರೀ! ಕಪ್ಪುರ ನುಂಗ್ಬುಡ್ತು!"

ನಂಜಯ್ಯನವರು ಕುಂಬಳಕಾಯಿ ಒಡೆಯುವುದನ್ನು ಬಿಟ್ಟು ಓಡಿ ಬಂದರು. ಎದುರು ಮನೆಯವರು, ಪಕ್ಕದ ಮನೆಯವರು ಬಂದರು. ಪ್ರಮೀಳಾ ಪ್ಲಗ್ ಕಿತ್ತಳು. ಬೇರೇನು ಮಾಡಲೂ ತೋಚಲಿಲ್ಲ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಯನ್ನು ಕರ್ಪೂರದ ಘಮ ಮುಚ್ಚಿತ್ತು. ಮಾವ ಟವೆಲು ಸೊಂಟಕ್ಕೆ ಸುತ್ತಿ ಕಂಪ್ಯೂಟರಿಗೆ ಅಡ್ಡಬಿದ್ದರು.

"ದೇವ್ರೇ ಒಪ್ಪುದ್ ಮ್ಯಾಲೆ ನಂದೇನದೆ. ಮೊದ್ಲ ಕೆಲ್ಸ ನಮ್ ಮನೇದೇ ಆಗ್ಲಿ. ದೇವಯ್ಯನ ಮಗಳ್ ಮದ್ವೆ ಕಾರ್ಡು ಇದ್ರಲ್ಲೇ ಮಾಡವ್ವ" ಎಂದರು. ದೇವಯ್ಯ ಎಂದರೆ ಸೋಮಮ್ಮನವರ ತಮ್ಮ, ಹೆಗ್ಗಡದೇವನಕೋಟೆ ಕಡೆಯವನು. ದೀಪಾವಳಿಗೆ ಬಂದು ಕಾರ್ಡು ತೆಗೆದುಕೊಂಡು ಹೋಗುತ್ತೇನೆಂದು ಅವನಿಂದ ಮಾತೂ ಬಂತು.

ಈಗ ನನ್ನ ತಂಗಿಯ ಪಾಡು ನೋಡಿ. ಕನ್ನಡ ಒಳಗೆ ಹೋಗಬೇಕಾದ ಬಾಯಿ ಸುಟ್ಟು ಕರಗಿ ಅಂಟಿಕೊಂಡಿತ್ತು. ಹಾಗೆಂದು ಹೇಳಿದರೆ ದೈವದ ಒಪ್ಪಿಗೆ ಅಪಶಕುನವಾಗುತ್ತದೆ. ಬ್ಯಾರನ್ನಿನ ಬೆಂಕಿಯನ್ನು ನಂಬಿ ಬದುಕುವ ಮನೆಯಲ್ಲಿ ಆಯುಧ ಪೂಜೆಯ ದಿನವೇ ಆಯುಧಕ್ಕೆ ಬೆಂಕಿ ಬಿದ್ದದ್ದು ಗೊತ್ತಾದರೆ, ನಂಜಯ್ಯನವರು ಅದನ್ನು ಹೊಸಿಲ ಒಳಗೆ ಇಟ್ಟುಕೊಳ್ಳುವುದು ಸುಳ್ಳು. ಮೇಲಾಗಿ ಜೀವಮಾನದಲ್ಲಿ ಮೊದಲ ಸಲ ಪ್ರೀತಿಯಿಂದ ಕೋಣೆಗೆ ಬಂದ ಅತ್ತೆಗೆ, ನೀವೇ ಸುಟ್ಟಿರಿ ಎಂದು ಹೇಳುವುದು ಹೇಗೆ?

ಮಾರನೆಯ ದಿನ ಎಸ್.ಟಿ.ಡಿ. ಬೂತಿನಿಂದ ಫೋನು ಮಾಡಿ ಪಿಸುಪಿಸು ಎಂದು ಇಷ್ಟನ್ನೂ ಹೇಳಿದಳು. ನಡುನಡುವೆ "ಯಾರೋ ಬಂದ್ರು, ತಡಿ" ಎಂದು ನಿಲ್ಲಿಸುತ್ತಿದ್ದಳು. ಬೇರೆ ಸಿ.ಡಿ. ಡ್ರೈವ್ ಹಾಕಿಸಿಕೊಳ್ಳೇ ಎಂದೆ. ಡ್ರೈವ್ ಒಂದೇ ಅಲ್ಲ, ಅದಕ್ಕೆ ಹೋಗುವ ತಂತಿಪಟ್ಟಿಯೂ ಬೆಂದದ್ದು ಹಿಂದಿನ ಕಿಂಡಿಯಿಂದ ಕಾಣುತ್ತದೆ, ಡಬ್ಬಿಯನ್ನೇ ಹೊತ್ತು ತರಬೇಕು, ಮಾವ ಜಗಲಿ ಬಿಟ್ಟು ಏಳುವುದಿಲ್ಲ, ದೇವರು ಒಪ್ಪಿದ ಪೆಟ್ಟಿಗೆಯನ್ನು ರಿಪೇರಿಗೆ ಒಯ್ಯುತ್ತೇನೆಂದು ಯಾವ ಬಾಯಲ್ಲಿ ಹೇಳಲಿ ಎಂದಳು. ಕಂದಿದ ಸೀಳಿನ ಮೇಲೆ ಸರಸ್ವತಿಯ ಪಟ ಅಂಟಿಸಿದ್ದಳಂತೆ. ಮಾವನಿಗೆ ಅದು ಬಹಳ ಹಿಡಿಸಿ, ಅವತ್ತು ಬೆಳಿಗ್ಗೆಯೇ ಅದಕ್ಕೊಂದು ಹೂ ಇಟ್ಟರಂತೆ.

"ಇದ್ರು ಮೇಲೆ ಅತ್ತೆ ನೆನ್ನೆ ಬೆರಳು ಬೇರೆ ಸುಟ್ಕೊಂಡವ್ರೆ ಕಣಕ್ಕ, ಬ್ಯಾರನ್ ಬಾಗ್ಲು ತಗುಲ್ತು ಅಂತಾವ್ರೆ. ಅಡುಗೆ ಪಾತ್ರೆ ಎಲ್ಲ ನಂದೇ. ಕೂರಕೂ ಪುರುಸೊತ್ತಿಲ್ಲ."

"ನೀನ್ ಯಾವತ್ ಕೂತಿದ್ದೆ?" ಎಂದೆ. ನನ್ನ ಸಿಟ್ಟು ನನಗೆ.

ರುದ್ರಸ್ವಾಮಿ ಮೊದಲು ಹೇಳಿಕೊಟ್ಟದ್ದು ಫ್ಲಾಪಿಯ ದಾರಿ. ಫ್ಲಾಪಿ ತೂರಿಸುವ ಸಣ್ಣ ಸೀಳು ಬೇರೆಯೇ ಇತ್ತು, ಅದಕ್ಕೆ ಬೆಂಕಿ ತಗುಲಿರಲಿಲ್ಲ. ಆದರೆ ಒಂದು ಸಿ.ಡಿ.ಯಲ್ಲಿರುವುದು ಒಂದು ಫ್ಲಾಪಿಯಲ್ಲಿ ಎಲ್ಲಿ ಹಿಡಿಯುತ್ತದೆ? ಸಾಫ್ಟ್‌ವೇರನ್ನು ತುಂಡು ತುಂಡು ಮಾಡಿ ಒಂದು ಕಟ್ಟು ಫ್ಲಾಪಿಗೆ ತುಂಬಿಕೊಟ್ಟ. ಒಂದಾದ ಮೇಲೊಂದು ತೂರಿಸುತ್ತಾ ಹೋದರೆ ಎಲ್ಲ ಸೇರಿ ಒಂದಾಗುತ್ತದಂತೆ. ಪ್ರಮೀಳಾ ಬಂದ ಬಸ್ಸಿನಲ್ಲೇ ವಾಪಸು ಹೋದಳು, ನನ್ನ ಮನೆಯಲ್ಲಿ ಕಾಫಿಯನ್ನೂ ಕುಡಿಯಲಿಲ್ಲ. ನಡುವಿನ ಒಂದು ಫ್ಲಾಪಿಯನ್ನು ಕಂಪ್ಯೂಟರ್ ಓದಲಿಲ್ಲ. ಅದೊಂದಕ್ಕೆ ಮತ್ತೆ ಹುಣಸೂರಿಗೆ ಬಂದಳು. ಅದನ್ನು ಬದಲಾಯಿಸಿಕೊಂಡು ಹೋದರೆ, ಹಿಂದಿನ ಸಲ ಓದಿದ್ದ ಬೇರೊಂದು ಈಗ ಓದಲಿಲ್ಲ. ಬಸ್ಸಿನ ಧೂಳೋ, ಬಿಸಿಲೋ, ಇವಳು ದಾರಿಯುದ್ದಕ್ಕೂ ಅವನ್ನು ಚೀಲದಿಂದ ತೆಗೆದು ನೋಡಿ ಮತ್ತೆ ಇಟ್ಟದ್ದೋ, ಯಾರಿಗೆ ಗೊತ್ತು. ಮೂರನೇ ಸಲ ಬಂದಾಗ ನನ್ನ ಅಂಗಡಿಯ ಮುಂದೆ ಆ ತುದಿಯಿಂದ ಈ ತುದಿಗೆ ನಡೆಯತೊಡಗಿದಳು. ರವಿಕೆ ಅಳತೆ ಕೊಡಲು ಬಂದಿದ್ದ ಹೆಂಗಸರು ಏನಾಯಿತು, ಯಾರಿಗೆ ಹುಷಾರಿಲ್ಲ ಎಂದು ನನ್ನನ್ನು ಕೇಳಿದರು.

"ಲೇ ಪ್ರಮೀಳಾ, ಕೂತ್ಕೊಳ್ಳೆ, ನಂಗೆ ತಲೆ ಸುತ್ತದೆ" ಎಂದು ಗದರಿದೆ.

"ಕೂತ್ರೆ ಕೋಣೆ ಓಯ್ತದೆ ಅನ್ಸುತ್ತೆ ಅಕ್ಕ" ಎಂದಳು. ಕಣ್ಣು ತುಂಬಿತ್ತು. ಈ ಕೋಣೆ ಹೋದರೆ ಮತ್ತೊಂದು ಬರುವುದಿಲ್ಲ, ಆಮೇಲೆ ಸೊಪ್ಪು ಪೋಣಿಸುತ್ತಾ ಹೊಗೆಸೊಪ್ಪಿನ ಜಿಡ್ಡಿನಲ್ಲೇ ಕೈ ಕಪ್ಪಾಗಿಸಿಕೊಂಡು ಕೂರಬೇಕಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ರುದ್ರಸ್ವಾಮಿ ಕನ್ನಡಕ ಒರೆಸಿಕೊಂಡು ಇನ್ನೊಂದು ದಾರಿ ಹೇಳಿದ. ಸಿ.ಡಿ. ಕಂಪ್ಯೂಟರ್ ಹತ್ತಿರ ಹೋಗಲಾರದು, ಕಂಪ್ಯೂಟರ್ ಸಿ.ಡಿ. ಹತ್ತಿರ ಬರಲಾರದು. ಆದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಹಾರ್ಡ್ ಡಿಸ್ಕ್ ಎಂಬ ಗಟ್ಟಿ ಒಂದಿರುತ್ತದೆ, ಅಂಗೈ ಅಗಲದ್ದು. ಅದೊಂದನ್ನೇ ಬಿಚ್ಚಿ ತಂದರೆ, ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ಸಿ.ಡಿ.ಯಲ್ಲಿರುವುದನ್ನೆಲ್ಲ ಅದಕ್ಕೆ ಇಳಿಸಿಕೊಡುತ್ತೇನೆ, ಊರಲ್ಲಿ ಮತ್ತೆ ಜೋಡಿಸಿಕೋ ಎಂದ.

"ಆದ್ರೆ ಕುಲುಕ್ಬಾರ್ದು ಕಣಮ್ಮ. ಕೆಳಗೆ ಬಿತ್ತೋ, ಮುಗೀತು. ಇರೋದೂ ಹೋಯ್ತದೆ."

ಕುಲುಕಬಾರದು ಎಂಬ ಮಾತನ್ನು ಹೇಳಿದ್ದು ಯಾರಿಗೆ! ನನ್ನ ತಂಗಿಗೆ!

ದೀಪಾವಳಿಗೆ ಇನ್ನೇನು ದಿನ ಉಳಿದಿರಲಿಲ್ಲ. ಹೊಲಿಗೆ ಮಿಷನ್ನಿನ ತಿರುಪುಳಿಯನ್ನು ನನ್ನಿಂದಲೇ ಇಸಿದುಕೊಂಡು ಹೋಗಿ ಡಬ್ಬಿ ಬಿಚ್ಚಿದಳು. ದೀಪದ ಬತ್ತಿಗೆಂದು ಇಟ್ಟಿದ್ದ ಹತ್ತಿಯಲ್ಲಿ ಡಿಸ್ಕನ್ನು ಹುದುಗಿಸಿ, ಮೇಲೆ ಹಳೆಯ ರವಿಕೆ ಬಟ್ಟೆ ಮುಚ್ಚಿ, ಬುಟ್ಟಿಯಲ್ಲಿಟ್ಟುಕೊಂಡು ಹೊರಟಳು. ಜಗಲಿಯಲ್ಲಿ ಮಾವ ಕೂತಿದ್ದರು. ಬುಟ್ಟಿಯಲ್ಲಿ ಏನವ್ವ ಎಂದು ಕೇಳಿದರೆ ಏನು ಹೇಳುವುದೆಂದು ಬೆವರುತ್ತಾ ನಿಂತಿರುವಾಗ, ಅದೃಷ್ಟಕ್ಕೆ ಸೋಮಮ್ಮನವರು ಹಿತ್ತಿಲಿನಿಂದ "ಇಲ್ನೋಡಿ, ಹಸ ಹಗ್ಗ ಕಿತ್ಕೊಂಡದೆ!" ಎಂದು ಗಂಡನನ್ನು ಕೂಗಿದರಂತೆ. ಮಾವ ಎದ್ದು ಹೋದರು, ಇವಳು ಬಸ್ಸು ಹಿಡಿದಳು.

ಪಿರಿಯಾಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಹುಣಸೂರಿಗೆ ಬರುವ ತನಕ ಬುಟ್ಟಿಯನ್ನು ತೊಡೆಯಿಂದ ಇಳಿಸಲಿಲ್ಲ. ರಸ್ತೆಯ ಹಳ್ಳಗಳಿಗೆ ಬಸ್ಸು ಎಗರಿದಾಗಲೆಲ್ಲ ಬುಟ್ಟಿಯನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಹತ್ತಿಯನ್ನು ನೋಡಿ, "ಕಾವಿಗೆ ಮಡಗೋ ಮೊಟ್ಟೆಯಾ ಮಗ?" ಎಂದಳಂತೆ. ಹೂಂ ಎಂದದ್ದೇ ತಪ್ಪಾಯಿತು. ಆಮೇಲೆ ಹುಣಸೂರು ಬರುವ ತನಕ, ನಾಟಿ ಕೋಳಿಯದೋ ಫಾರಮ್ಮಿನದೋ, ಯಾವ ವಾರ ಕಾವಿಗೆ ಕೂರಿಸಿದರೆ ಹೇಟೆ ಮರಿ ಜಾಸ್ತಿ ಹುಟ್ಟುತ್ತವೆ, ಗುಡುಗಿನ ದಿನ ಏನು ಮಾಡಬೇಕು ಎಂದು ಪಾಠ. ಹೆಣ್ಣುಮಗಳು ಅಷ್ಟು ದೂರ ಅಲುಗದೆ ಕೂತಿದ್ದು ಬದುಕಿನಲ್ಲಿ ಅದೇ ಮೊದಲು.

ನಾನೂ ಅಂಗಡಿಗೆ ಬಾಗಿಲೆಳೆದು ಪಕ್ಕದ ಮಳಿಗೆಗೆ ಹೋದೆ. ರುದ್ರಸ್ವಾಮಿ ಡಿಸ್ಕ್ ಸಿಕ್ಕಿಸಿದ, ಸಿ.ಡಿ. ಹಾಕಿದ, ಪರದೆಯ ಮೇಲೆ ಹಾಳೆಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರತೊಡಗಿದವು. ಅರ್ಧವಾಗುವಾಗ ಕರೆಂಟು ಹೋಯಿತು.

ಪ್ರಮೀಳಾ ಕಿರುಚಲಿಲ್ಲ. ಎದ್ದು ಹೊರಗೆ ನಡೆದಳು. ನಾನು ಹಿಂದೆ ಹೋದೆ. ಬಸ್ ಸ್ಟ್ಯಾಂಡು ದಾಟಿ, ತರಕಾರಿ ಅಂಗಡಿಗಳನ್ನು ದಾಟಿ, ಲಕ್ಷ್ಮಣತೀರ್ಥದ ಸೇತುವೆಯ ತನಕ ಹೋಗಿ, ನೀರನ್ನೂ ನೋಡದೆ ತಿರುಗಿ ಬಂದಳು. ಕರೆಂಟು ಬಂದಿರಲಿಲ್ಲ. ಮತ್ತೆ ಹೊರಟಳು. ನನಗೆ ಮಂಡಿ ನೋವು, ಆದರೂ ಹೋದೆ. ಬಿಟ್ಟರೆ ಇವಳು ನಡೆದೇ ರಾವಂದೂರು ಸೇರುತ್ತಾಳೆ ಎನ್ನಿಸಿತ್ತು.

"ಅತ್ತೆಗೆ ನಿಜ ಯೋಳ್ಬುಡೆ" ಎಂದೆ ಸೇತುವೆಯ ಮೇಲೆ.

"ಊರೆಲ್ಲ ಯೋಳ್ಕೊಂಡ್ ತಿರುಗ್ತಾವ್ರೆ ಅಕ್ಕ, ನಮ್ ಸೊಸೆ ಮಿಷನ್ನು ಕಪ್ಪುರ ನುಂಗ್ತು ಅಂತ. ಆ ಮುಖಕ್ಕೆ ಎಂಗ್ ಯೋಳ್ಲಿ?"

ವಾಪಸು ಬರುವಾಗ ಅಂಗಡಿಗಳ ದೀಪ ಹತ್ತಿದ್ದವು. ಓಡಿದಳು. ರುದ್ರಸ್ವಾಮಿ ಮೊದಲಿನಿಂದ ಶುರು ಮಾಡಿದ. ಈ ಸಲ ಪೂರ್ತಿ ಇಳಿಯಿತು. ಕೊನೆಯ ಬಸ್ಸಿಗೆ ಮುಂಚಿನ ಬಸ್ಸಿನಲ್ಲಿ ಅವಳನ್ನು ಹತ್ತಿಸಿ, ಬುಟ್ಟಿಯನ್ನು ನಾನೇ ತೊಡೆಯ ಮೇಲಿಟ್ಟು ಕಳಿಸಿದೆ.

ಮಾರನೆಯ ದಿನ ಮಧ್ಯಾಹ್ನ ನನಗೆ ಫೋನು ಬಂತು. "ಅಕ್ಕ, ಬಂತು. 'ಶ್ರೀ' ಅಂತ ಒತ್ತುದ್ನಾ, ಶ್ರೀ ಅಂತ್ಲೇ ಬಂತು!" ಅಷ್ಟು ಹೇಳಿ ಫೋನು ಇಟ್ಟೇ ಬಿಟ್ಟಳು. ಅವತ್ತು ನಾನು ಒಂದು ರವಿಕೆಗೆ ಎರಡು ಸಲ ಎಡತೋಳು ಹೊಲಿದೆ. ದೇವಯ್ಯನ ಮಗಳ ಮದುವೆಯ ಕರೆಯೋಲೆಗೆ ಅಕ್ಷರ ಜೋಡಿಸಿ ಹಾಳೆ ತೆಗೆದುಕೊಟ್ಟಳು, ಪಿರಿಯಾಪಟ್ಟಣದ ಪ್ರೆಸ್ಸಿನವರು ಕಾರ್ಡಿಗೆ ಅಚ್ಚು ಹಾಕಿಕೊಟ್ಟರು. ಎಲ್ಲ ಮುಗಿಯಿತು ಎಂದು ನಾನು ಅಂದುಕೊಂಡೆ. ಅವಳು ಮಾತ್ರ ದೀಪಾವಳಿಗೆ ನೀನು ಬರಲೇಬೇಕು ಎಂದು ಹಟ ಹಿಡಿದಳು.

ಹೋದೆ. ಮನೆ ತುಂಬಾ ಕಜ್ಜಾಯದ ಘಮ. ದೇವಯ್ಯ ಜಗಲಿಯ ಮೇಲೆ ಕೂತು ಕಾರ್ಡು ತಿರುಗಿಸಿ ತಿರುಗಿಸಿ ನೋಡಿದ. ತನ್ನ ಹೆಸರನ್ನು ಬೆರಳಿಟ್ಟು ಓದಿ, ಭೇಷ್ ಎಂದ. ನಂಜಯ್ಯನವರು ಮೀಸೆಯ ಮೇಲೆ ಕೈಯಾಡಿಸಿದರು. ಆಮೇಲೆ ದೇವಯ್ಯ ಎದ್ದು ನಿಂತ.

"ಎಲ್ಲಿ, ಕಪ್ಪುರ ನುಂಗಿದ್ ಬಾಯಿ ತೋರ್ಸವ್ವ. ನಾನೂ ಒಂದ್ ಗಟ್ಟಿ ತಂದಿವ್ನಿ, ನಮ್ ಮದ್ವೆ ಕೆಲ್ಸ ಮಾಡಿಕೊಡ್ತಲ್ಲ" ಎಂದು ಜೇಬಿನಿಂದ ಕರ್ಪೂರದ ಪೊಟ್ಟಣ ತೆಗೆದ.

"ತೋರ್ಸವ್ವ, ನಾನೂ ಆವತ್ತು ಸರಿಯಾಗಿ ನೋಡ್ಲಿಲ್ಲ" ಎಂದು ಮಾವನೂ ಕೋಣೆಗೆ ನುಗ್ಗಿದರು.

ಪ್ರಮೀಳಾ ನನ್ನ ಕೈ ಹಿಡಿದುಕೊಂಡಳು. ಗುಂಡಿ ಒತ್ತಿದರೆ ಏನೂ ಬರುವುದಿಲ್ಲ. ಏಕೆ ಬರುವುದಿಲ್ಲ ಎನ್ನುತ್ತಾರೆ. ಪಟ ಕಿತ್ತು ನೋಡಿದರೆ ಮುಗಿಯಿತು. ಅವಳು ಬಾಯಿ ತೆರೆದಳು, ನಿಜ ಹೇಳಿಯೇ ಬಿಡುತ್ತಾಳೆ ಎಂದು ನಾನು ಕಣ್ಣು ಮುಚ್ಚಿದೆ.

"ಲೋ ದೇವಯ್ಯ!" ಸೋಮಮ್ಮನವರು ಕಜ್ಜಾಯದ ಜಾಲರಿ ಹಿಡಿದೇ ಅಡುಗೆಮನೆಯಿಂದ ಬಂದಿದ್ದರು. "ಮ್ಯಾಲೆ ತಾಯಿ ಸರಸ್ವತಿ ಕುಂತವ್ಳೆ, ಕಾಣಕಿಲ್ವಾ? ಒಂದ್ಕಿತ ಒಪ್ಪುಸ್ಕೊಂಡ್ ದೇವ್ರು ಕೇಳ್ದಾಗೆಲ್ಲ ಬಾಯಿ ತೆಗಿಯಕೆ ಅದೇನು ನಿನ್ ಬಾಯೇನ್ಲಾ? ಕಪ್ಪುರವ ಗುಡೀಲಿ ಹಚ್ಚು ಓಗು. ರೀ, ನೀವೂ ಅಷ್ಟೆ, ಮುಟ್ಟಿ ಮೈಲಿಗೆ ಮಾಡ್ಬ್ಯಾಡಿ."

ದೇವಯ್ಯ ಪೊಟ್ಟಣವನ್ನು ಮತ್ತೆ ಜೇಬಿಗೆ ಸೇರಿಸಿದ. ನಂಜಯ್ಯನವರು ಕೆನ್ನೆ ಬಡಿದುಕೊಂಡು ಹಿಂದೆ ಸರಿದರು. ಜಗಲಿಗೆ ಹೋಗಿ ಕೂತು, ಈ ವರ್ಷ ಸೊಪ್ಪಿಗೆ ಹಿತ್ತಿಲಲ್ಲೇ ಒಂದು ಶೆಡ್ಡು ಇಳಿಸಬೇಕು ಎಂದು ಭಾವಮೈದನಿಗೆ ಹೇಳುವುದು ಕೇಳಿಸಿತು.

ಪ್ರಮೀಳಾ ಅಡುಗೆಮನೆಗೆ ಅತ್ತೆಯ ಹಿಂದೆ ಹೋದಳು, ನಾನೂ ಹೋದೆ.

"ಅತ್ತೆ, ಅದ್ರ ಬಾಯಿ..." ಎಂದು ತೊದಲಿದಳು.

ಸೋಮಮ್ಮನವರು ಜಾಲರಿಯನ್ನು ಎಡಗೈಗೆ ಬದಲಾಯಿಸಿ ಬಲಗೈ ಚಾಚಿದರು. ನಡುಬೆರಳು, ತೋರುಬೆರಳಿನ ತುದಿಯಲ್ಲಿ ಹೊಸ ಚರ್ಮ ಗುಲಾಬಿಗೆ ಮಿನುಗುತ್ತಿತ್ತು. ಆಯುಧ ಪೂಜೆಯ ದಿನ ಬ್ಯಾರನ್ ತಣ್ಣಗಿತ್ತು ಎಂಬುದು ನನಗೆ ಆಗ ನೆನಪಾಯಿತು.

"ಒಳೀಕೋಯ್ತಲ್ಲ, ಗಾಬ್ರಿಯಾಗಿ ಬೆರಳಾಕಿ ಎಳ್ದೆ ಕಣವ್ವ. ಈಚೀಕೆ ಬರ್ಲಿಲ್ಲ. ಸುಟ್ ವಾಸ್ನೆ ನಂಗ್ ತಿಳಿಯಕಿಲ್ವಾ, ಬ್ಯಾರನ್ ಮನೆ ಹೆಂಗ್ಸು ನಾನು. ತಪ್ಪು ನಂದು, ರೂಮು ನಿಂದು. ಅಯ್ಯೋ ಸುಟ್ಟೋಯ್ತು ಅಂತ ಕೂಗಿದ್ರೆ ನಿಮ್ ಮಾವ ಸಂಜೀಗೆ ಸೊಪ್ಪು ತುಂಬೋರು. ಒಪ್ಪುಸ್ಕೊಂತು ಅಂತ ಕೂಗ್ದೆ."

ಹಸು ಹಗ್ಗ ಕಿತ್ತುಕೊಂಡಿರಲೇ ಇಲ್ಲ ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾವೂ ಕೇಳಲಿಲ್ಲ. ಪ್ರಮೀಳಾ ಒಲೆಯ ಪಕ್ಕ ನೆಲದ ಮೇಲೆ ಕುಸಿದಳು. ಗೋಡೆಗೆ ಒರಗಿ, ಕಾಲು ಚಾಚಿ, ಅಲ್ಲಾಡದೆ ಕೂತುಬಿಟ್ಟಳು. ನಾನು ಅವಳನ್ನು ಹುಟ್ಟಿದಾಗಿನಿಂದ ನೋಡಿದವಳು, ಹಾಗೆ ಕೂತದ್ದನ್ನು ಎಂದೂ ಕಂಡಿರಲಿಲ್ಲ.

ಸೋಮಮ್ಮನವರು ಬಾಣಲೆಗೆ ಇನ್ನೊಂದು ಕಜ್ಜಾಯ ಬಿಟ್ಟರು.

"ಇದೇನವ್ವ ಕುಂತೇಬುಟ್ಟೆ? ಏಳು, ಇದ ತಿರುವಾಕು. ಸೀದೋಯ್ತದೆ."